ಸೆರಗಿನ ತೆನೆ ಸೊರಗಿದಾಗ

ನನ್ನ ಹೆಗಲಚೀಲದಲ್ಲಿ ಪ್ರತಿ ವಸ್ತುವಿಗೂ ಗೊತ್ತಾದ ಜಾಗವಿದೆ. ಬಲಗಡೆಯ ಜೇಬಿನಲ್ಲಿ ಸ್ಕ್ರೂಡ್ರೈವರ್ ಡಬ್ಬಿ, ಎಡಗಡೆಯದರಲ್ಲಿ ಪೆನ್‌ಡ್ರೈವ್‌ಗಳು, ನಡುವೆ ದೂಳು ತೆಗೆಯುವ ಕುಂಚ ಮತ್ತು ತೊಳೆದು ಮಡಿಚಿದ ಹತ್ತಿ ಬಟ್ಟೆ. ಕರೆಂಟು ಹೋದಾಗ ಕೈ ಹಾಕಿದರೂ ಬೇಕಾದದ್ದೇ ಸಿಗುತ್ತದೆ. ಹುನಗುಂದ ತಾಲೂಕಿನ ಒಂದು ಮಠದ ವಸತಿ ನಿಲಯದಲ್ಲಿ ಬೆಳೆದವನು ನಾನು. ಗಂಟೆ ಬಾರಿಸಿದರೆ ಏಳಬೇಕು, ಹಾಸಿಗೆ ಸುತ್ತಿಡಬೇಕು, ತಣ್ಣೀರ ಸ್ನಾನ, ವಿಭೂತಿ, ಪ್ರಾರ್ಥನೆ, ಅಂಗಳದ ಕಸ. ತೊಳೆದ ಲೋಟವನ್ನು ಯಾವ ಗೋಡೆಗೆ ಬೋರಲು ಹಾಕಬೇಕು ಎಂಬುದಕ್ಕೂ ನಿಯಮವಿತ್ತು. ನಮ್ಮನ್ನು ನೋಡಿಕೊಳ್ಳುತ್ತಿದ್ದ ಹಿರಿಯರ ಮಾತು ಒಂದು ಈಗಲೂ ನನ್ನ ಕೈಗಳನ್ನು ಆಳುತ್ತದೆ: "ಮೊದ್ಲ ನೋಡ್ರಿ, ಆಮ್ಯಾಲ ಮುಟ್ರಿ."

ಬಾಗಲಕೋಟೆಯ ಒಂದು ತಾಂತ್ರಿಕ ಕಾಲೇಜಿನ ಪ್ರಯೋಗಾಲಯವನ್ನು ನೋಡಿಕೊಂಡು ನಿವೃತ್ತನಾದೆ. ನವನಗರದಲ್ಲಿ ಮನೆ. ಮನೆ ಹೊಸದು, ಬಾಗಿಲ ಚೌಕಟ್ಟು ಮಾತ್ರ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಊರಿನ ಮನೆಯದು. ಕಿತ್ತು ತಂದು ಕೂರಿಸಿದ್ದೇವೆ, ಇಂದಿಗೂ ಕಿರುಗುಟ್ಟುವುದಿಲ್ಲ. ಅಂಥ ಊರಿನವನಿಗೆ, ಗಟ್ಟಿಯಿರುವ ವಸ್ತುವನ್ನು ಹಳೆಯದು ಎಂಬ ಕಾರಣಕ್ಕೆ ಎಸೆಯುವುದು ಆಗದ ಕೆಲಸ. ನಿವೃತ್ತಿಯ ನಂತರ ಹಳೆಯ ಲ್ಯಾಪ್‌ಟಾಪ್‌ಗಳನ್ನು ಹಿಡಿದುಕೊಂಡೆ. ಜನ ಬೇಡವೆಂದು ಬಿಟ್ಟವನ್ನು ತೆಗೆದುಕೊಂಡು, ದೂಳು ಝಾಡಿಸಿ, ಲಿನಕ್ಸ್ ಹಾಕಿ, ಬೇಕಾದವರಿಗೆ ಕೊಡುತ್ತೇನೆ. ಲಿನಕ್ಸ್ ಎಂದರೆ ಯಾರೊಬ್ಬರ ಸ್ವತ್ತೂ ಅಲ್ಲದ, ಎಲ್ಲರೂ ನೋಡಿ ತಿದ್ದುವಂತೆ ತೆರೆದಿಟ್ಟ ವ್ಯವಸ್ಥೆ. ಹಳೆಯ ಯಂತ್ರವನ್ನು ಅದು ಬಾಗಿಲಲ್ಲೇ ನಿಲ್ಲಿಸುವುದಿಲ್ಲ.

ತೊಡಕು ಬರುವುದು ಹೆಚ್ಚಾಗಿ ಒಂದೇ ಕಡೆ, ಗ್ರಾಫಿಕ್ಸ್‌ನಲ್ಲಿ. ಪರದೆಯ ಮೇಲೆ ಚಿತ್ರ ಮೂಡಿಸಲು ಲ್ಯಾಪ್‌ಟಾಪಿನೊಳಗೆ ಒಂದು ಚಿಪ್ ಇರುತ್ತದೆ. ಆ ಚಿಪ್ಪಿನ ಭಾಷೆ ಬೇರೆ, ವ್ಯವಸ್ಥೆಯ ಭಾಷೆ ಬೇರೆ. ನಡುವೆ ನಿಂತು ಮಾತಾಡಿಸುವ ದುಭಾಷಿಯೇ ಡ್ರೈವರ್. ಚಿಪ್ ಮಾಡಿದ ಕಂಪನಿ ಕೆಲವು ವರ್ಷ ತನ್ನ ದುಭಾಷಿಯನ್ನು ಕಳಿಸುತ್ತದೆ, ಆಮೇಲೆ ಕೈಬಿಡುತ್ತದೆ. ಯಂತ್ರಕ್ಕೆ ಏನೂ ಆಗಿರುವುದಿಲ್ಲ, ಆದರೂ ಮೂಕವಾಗಿ ಕೂಡುತ್ತದೆ.

ಹೀಗೆ ನಾನು ಕೊಟ್ಟ ಯಂತ್ರಗಳು ಬಾದಾಮಿಯಲ್ಲಿ, ಹುನಗುಂದದಲ್ಲಿ, ಇಳಕಲ್ಲಿನಲ್ಲಿ ಇವೆ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಈ ಮೂರೂ ಊರು ಸುತ್ತಿ ನೋಡಿಕೊಂಡು ಬರುತ್ತೇನೆ. ಇಳಕಲ್ಲಿನ ಯಂತ್ರ ನನ್ನ ಅಕ್ಕನ ಮನೆಯದು.

ಅಕ್ಕ ಫೋನು ಮಾಡುವುದು ಕಡಿಮೆ. ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಮಾಡಿದಳು.

"ತಮ್ಮಾ, ಈ ಸಲ ನೀ ಬರೂಮುಂದ ಬಾಗಲಕೋಟಿ ಕಣ್ಣಿನ ದವಾಖಾನ್ಯಾಗ ನನ್ನ ಹೆಸರ ಹಚ್ಚಿ ಬಾ."

"ಯಾಕಕ್ಕಾ, ಏನಾತು?"

"ಕಣ್ಣು ಕೈ ಕೊಟ್ಟಾವು. ಪರದಿ ಮ್ಯಾಲ ಬರೋಬ್ಬರಿ ಕಂಡ ಸೆರಗಿನ ತೆನಿ, ನೇಯ್ದ ಅರಿವ್ಯಾಗ ಸಣಕಲಾಗಿ ಬಂದಾವು. ನೀರು ಬ್ಯಾರೆ ಸುರೀತಾವು. ನಮ್ಮ ಮೈದುನ ಅಂತಾನ..."

"ಏನಂತಾನ?"

"ಇನ್ನ ಸಾಕ ಮಾಡು ಅಂತಾನ."

ಆ ಮಾತಿನ ಭಾರ ತಿಳಿಯಬೇಕಾದರೆ ಅಕ್ಕ ಆ ಮನೆಯಲ್ಲಿ ಏನು ಎಂಬುದು ಗೊತ್ತಿರಬೇಕು. ನಾವು ಇಳಕಲ್ಲಿನ ನೇಕಾರರ ಮಕ್ಕಳು. ನಾನು ಮಠದ ಶಾಲೆಗೆ ಹೋದೆ, ಅಕ್ಕ ಮಗ್ಗಕ್ಕೆ ಇಳಿದಳು. ಅವಳನ್ನು ಕೊಟ್ಟದ್ದೂ ಮಗ್ಗದ ಮನೆಗೇ. ಭಾವ ಸೀರೆ ಮಾರುತ್ತ ಊರೂರು ತಿರುಗುತ್ತಾರೆ. ಮನೆಯ ಮಗ್ಗಗಳ ಉಸ್ತುವಾರಿ ಅಕ್ಕನ ಮೈದುನನದು. ಆದರೆ ಯಾವ ಮಗ್ಗಕ್ಕೆ ಯಾವ ಸೆರಗು ಎಂದು ನಿರ್ಧರಿಸುವವಳು ಅಕ್ಕ. ಇಳಕಲ್ ಸೀರೆಯ ಹೆಸರು ನಿಂತಿರುವುದೇ ಸೆರಗಿನ ಮೇಲೆ. ಕೆಂಪು ನೆಲ, ಅದರಲ್ಲಿ ಬಿಳಿಯ ಜೋಳದ ತೆನೆಗಳ ಸಾಲು, ಪಕ್ಕದಲ್ಲಿ ಹಣಿಗೆಯ ಹಲ್ಲು, ಕೋಟೆಯ ಗೋಡೆ. ತೆನೆಯ ಹೊಟ್ಟೆ ಎಷ್ಟು ತುಂಬಿರಬೇಕು, ತುದಿ ಎಲ್ಲಿ ಮೊನಚಾಗಬೇಕು ಎಂಬುದನ್ನು ನಮ್ಮ ಓಣಿಯಲ್ಲಿ ಅಕ್ಕನಷ್ಟು ಖಚಿತವಾಗಿ ಹೇಳುವವರಿಲ್ಲ.

ನಾನು ಕೊಟ್ಟ ಲ್ಯಾಪ್‌ಟಾಪಿನಲ್ಲಿ ಅವಳು ಸೆರಗಿನ ನಕ್ಷೆ ಬರೆಯುತ್ತಾಳೆ. ಪರದೆಯ ತುಂಬ ಚೌಕುಳಿ ಮನೆಗಳು. ಒಂದು ಮನೆ ಎಂದರೆ ಮಗ್ಗದ ಮೇಲೆ ಒಂದು ಸಣ್ಣ ಗುಂಪು ಎಳೆ. ಬೇಕಾದ ಮನೆಗೆ ಬಣ್ಣ ತುಂಬಿದರೆ ಆಯಿತು. ಈ ಸಲ ಅವಳು ಕೈಗೆತ್ತಿಕೊಂಡದ್ದು ನಮ್ಮ ತಾಯಿ ತಾನೇ ನೇಯ್ದು ಉಟ್ಟ ಸೀರೆಯ ಸೆರಗನ್ನು. ಆ ಸೀರೆ ಜೀರ್ಣವಾಗಿದೆ. ಎಳೆಗಳು ಒಂದಕ್ಕೊಂದು ಅಂಟಿಕೊಂಡು ಎಣಿಸಲು ಬರುವುದಿಲ್ಲ. ಆಕಾರ ಮಾತ್ರ ಉಳಿದಿದೆ. ಅದನ್ನು ಪರದೆಯ ಪಕ್ಕ ಹಾಸಿ, ಕಣ್ಣಳತೆಯಲ್ಲೇ ನಕ್ಷೆ ಇಳಿಸುತ್ತಿದ್ದಳು. ಆ ಕಣ್ಣೇ ಹೋಯಿತು ಎಂದರೆ ಅವಳಿಗೆ ಉಳಿಯುವುದು ಅಡಿಗೆಮನೆ ಮಾತ್ರ.

ದವಾಖಾನೆಯಲ್ಲಿ ಹೆಸರು ಹಚ್ಚಿ, ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟೆ. ಮೊದಲು ಬಾದಾಮಿ. ಅಲ್ಲಿ ಗೈಡುಗಳು ಕೂಡುವ ಕೋಣೆಯಲ್ಲಿ ನನ್ನದೊಂದು ಯಂತ್ರವಿದೆ. ಮೆಟ್ಟಿಲು ಹತ್ತಲಾಗದ ಪ್ರವಾಸಿಗಳಿಗೆ ಮೇಲಿನ ಗುಹೆಗಳ ಚಿತ್ರಗಳನ್ನು ಅದರಲ್ಲೇ ತೋರಿಸುತ್ತಾರೆ. ಅಲ್ಲಿಯ ಗೈಡಮ್ಮ ನನ್ನನ್ನು ಕಂಡ ಕೂಡಲೆ ನಕ್ಕಳು.

"ಬರ್ರಿ ಸರ. ನಿಮ್ಮ ಮುದುಕಿ ಗಟ್ಟಿ ಅದಾಳ. ನಾವು ದಣದ್ರೂ ಆಕಿ ದಣಿಯಂಗಿಲ್ಲ. ಚಾ ತರಿಸ್ಲ್ಯಾ?"

"ಇದು ಚಾದ ಹೊತ್ತಲ್ಲವ್ವಾ."

"ನಿಮ್ಮ ಹೊಟ್ಟಿಗೂ ಒಂದು ಗಂಟಿ ಕಟ್ಟೀರೇನ್ರಿ ಮತ್ತ!"

ಅವಳ ಮುದುಕಿ, ಅಂದರೆ ನನ್ನ ಆ ಹಳೆಯ ಯಂತ್ರ, ನಿಜಕ್ಕೂ ಗಟ್ಟಿಯಾಗಿದ್ದಳು. ಅಕ್ಕನ ಲ್ಯಾಪ್‌ಟಾಪಿನಲ್ಲಿರುವ ಜಾತಿಯ ಚಿಪ್ಪೇ ಅದರಲ್ಲೂ ಇದೆ. ಆದರೆ ಇದಕ್ಕೆ ನಾನು ಕಂಪನಿಯ ಡ್ರೈವರ್ ಹಾಕಿಲ್ಲ. ಜಗತ್ತಿನ ಬೇರೆ ಬೇರೆ ಕಡೆಯ ಸ್ವಯಂಸೇವಕರು ಬರೆದು ತೆರೆದಿಟ್ಟ ಡ್ರೈವರ್ ಇದೆ. ಚಿತ್ರಗಳು ತಡೆಯಿಲ್ಲದೆ ಸರಿದವು. ಬಂಡೆಯ ಕೆಂಪು ಕೆಂಪಾಗಿಯೇ ಇತ್ತು. ಸಮಾಧಾನವಾಗಿ ಎದ್ದೆ.

ಪಟ್ಟದಕಲ್ಲು, ಐಹೊಳೆ, ಅಮೀನಗಡದ ಮೇಲೆ ಹಾದು ಹುನಗುಂದದ ವಾಚನಾಲಯ ಮುಟ್ಟಿದೆ. ಅಲ್ಲಿಯ ಯಂತ್ರಕ್ಕೆ ದೂಳಿನ ಹೊರತು ಬೇರೆ ರೋಗವಿರಲಿಲ್ಲ. ಕುಂಚ ಹೊರಗೆ, ಕೆಲಸ, ಕುಂಚ ಒಳಗೆ. ಅಕ್ಕನಿಗೆಂದು ಅಮೀನಗಡದಲ್ಲಿ ಕೊಂಡ ಕರದಂಟು ಕಣ್ಣಿಗೆ ಬಿದ್ದು ವಾಚನಾಲಯದವರು ಕೈಚಾಚಿದರು, ಕೊಡಲಿಲ್ಲ. ಮುಂದಿನ ಬಸ್ಸಿಗೆ ಇಳಕಲ್ಲು.

ಅಕ್ಕನ ಮನೆಯಲ್ಲಿ ಮಗ್ಗಗಳು ನೆಲದ ಕುಣಿಯಲ್ಲಿವೆ. ನೇಯುವವರು ಕುಣಿಯೊಳಗೆ ಕಾಲಿಳಿಬಿಟ್ಟು ಕೂಡುತ್ತಾರೆ. ಬೀದಿಗೇ ಲಾಳಿಯ ಸದ್ದು ಕೇಳಬೇಕು. ಅಂದು ಒಂದು ಮಗ್ಗ ಸುಮ್ಮನಿತ್ತು. ಅದರ ಕಟ್ಟೆಯ ಮೇಲೆ ಅಕ್ಕ ಕೈಕಟ್ಟಿ ಕೂತಿದ್ದಳು. ಅವಳು ಕೈಕಟ್ಟಿ ಕೂತದ್ದನ್ನು ನಾನು ನೋಡಿದ್ದೇ ಇಲ್ಲ.

ಮೈದುನ ಒಳಗಿನಿಂದ ಬಂದ. ಒರಟು ಮನುಷ್ಯನಲ್ಲ, ಆದರೆ ಮಾತು ಮೊದಲು, ಯೋಚನೆ ಆಮೇಲೆ.

"ಬರ್ರಿ ಮಾಮಾರ. ನೋಡ್ರಿ, ನಿಮ್ಮಕ್ಕನ ತೆನಿ." ನೇಯ್ದ ಮಾದರಿ ತುಂಡನ್ನು ನನ್ನ ಮುಂದೆ ಹಿಡಿದ. "ಇವೇನು ಜ್ವಾಳದ ತೆನ್ಯೋ, ಕರ್ಕಿ ಕಡ್ಡ್ಯೋ? ಸೆರಗು ಹೊತ್ತಕೊಂಡಾಕಿ ಉಪಾಸ ಬಿದ್ದಾಳ ಅಂತಾರ ಮಂದಿ."

"ನೀ ಹೊಟ್ಟಿ ತುಂಬ ಉಂಡೀಯಲ್ಲ, ಸಾಕ ಹೋಗು," ಎಂದಳು ಅಕ್ಕ. ಆದರೆ ದನಿಯಲ್ಲಿ ಕಸುವಿರಲಿಲ್ಲ.

"ಸಿಟ್ಟಾಗಬ್ಯಾಡ ಅತ್ತಿಗೆವ್ವಾ. ನಾಡದು ಹೊಸಾ ಹಾಸು ಏರಸೋದೈತಿ. ವ್ಯಾಪಾರಿ ಕಡಿಂದ ರೆಡಿ ನಕ್ಷೆ ತಂದೀನಿ. ಒಂದೀಟು ಕಣ್ಣಿಗೆ ಆರಾಮ ಕೊಡು ಅಂದೆ, ಅಷ್ಟ."

ಹಾಸು ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿಯುವ ಎಳೆಗಳು. ಅದು ಒಮ್ಮೆ ಏರಿತೆಂದರೆ ಹಲವು ಸೀರೆ ಇಳಿಯುವವರೆಗೆ ಅದೇ ನಕ್ಷೆ. ವ್ಯಾಪಾರಿಯ ನಕ್ಷೆ ಏರಿದರೆ ಅಕ್ಕನ ಮಾತು ಕೆಳಗಿಳಿಯುತ್ತದೆ, ಮತ್ತೆ ಏರುವುದಿಲ್ಲ. ಇದು ಅವರಿಬ್ಬರಿಗೂ ಗೊತ್ತಿತ್ತು.

ತಾಯಿಯ ಸೀರೆಯನ್ನೂ ಮಾದರಿ ತುಂಡನ್ನೂ ಪಕ್ಕಪಕ್ಕ ಇಟ್ಟೆ. ಮೈದುನ ಸುಳ್ಳು ಹೇಳಿರಲಿಲ್ಲ. ತಾಯಿಯ ತೆನೆ ತುಂಬಿದ ಹೊಟ್ಟೆಯದು, ಇದು ಸೊರಗಿದ್ದು.

"ನಕ್ಷೆ ತೋರ್ಸಕ್ಕಾ."

ಅವಳು ಲ್ಯಾಪ್‌ಟಾಪ್ ತೆರೆದಳು. ಕೂಡಲೇ ನಾನು ಕಣ್ಣು ಕಿರಿದು ಮಾಡಬೇಕಾಯಿತು. ಪರದೆ ಅಷ್ಟು ಪ್ರಖರವಾಗಿ ಉರಿಯುತ್ತಿತ್ತು. ಬೆಳಕು ತಗ್ಗಿಸುವ ಗುಂಡಿ ಒತ್ತಿದೆ, ಏನೂ ಆಗಲಿಲ್ಲ. ಕಣ್ಣಲ್ಲಿ ನೀರು ಬರುವುದಕ್ಕೆ ಒಂದು ಕಾರಣ ಸಿಕ್ಕಿತು. ನಕ್ಷೆಯ ತೆನೆಗಳು ಮಾತ್ರ ತಾಯಿಯ ಸೆರಗಿನಂತೆಯೇ ತುಂಬಿಕೊಂಡಿದ್ದವು. ಪರದೆಯಲ್ಲಿ ಸರಿ, ಬಟ್ಟೆಯಲ್ಲಿ ಸೊರಗು.

"ಈ ಡಬ್ಬಿಗೆ ಏನರ ಆಗಿತ್ತೇನು?" ಎಂದು ಕೇಳಿದೆ.

ಮೈದುನ ಉತ್ತರ ಕೊಟ್ಟ. "ಹೋದ ತಿಂಗಳ ಏನೋ ಅಪ್‌ಡೇಟ್ ಕೇಳ್ತು, ಅತ್ತಿಗೆವ್ವ ಹೂಂ ಅಂದ್ಲು. ಪರದಿ ಕರ್ರಗಾತು. ಕೆಲಸ ನಿಂದರಬಾರ್ದಂತ ನಾನ ಬಸ್‌ಸ್ಟ್ಯಾಂಡ್ ಹಂತೇಕಿನ ಅಂಗಡಿಗೆ ಒಯ್ದೆ. ಹಳೇ ಡಬ್ಬಿ, ಚಿತ್ರ ಬಂದದ್ದ ಪುಣ್ಯ ಅಂದ್ರು, ಕೊಟ್ರು. ಚಿತ್ರ ಬಂದೈತಲ್ರಿ?"

"ಹಂಗ ತಂದಮ್ಯಾಲ ತೆನಿ ಎಲ್ಲಾ ಬಾತಂಗ ಕಂಡ್ವು ತಮ್ಮಾ," ಎಂದಳು ಅಕ್ಕ. "ಮೊದ್ಲ ನಾನ ತಪ್ಪು ಬರದೀನಿ ಅಂದ್ಕೊಂಡೆ. ಅವ್ವನ ಸೀರಿ ಮತ್ತ ಹಾಸಿ, ನೋಡಿ ನೋಡಿ ತಿದ್ದಿದೆ. ತಿದ್ದಿದ್ದಕ್ಕ ಹಿಂಗಾತು."

ಮೊದಲು ನೋಡು, ಆಮೇಲೆ ಮುಟ್ಟು. ಕೈ ಹಿಂದೆ ಕಟ್ಟಿಕೊಂಡು ಪರದೆಯನ್ನು ಮೂಲೆಯಿಂದ ಮೂಲೆಗೆ ನೋಡಿದೆ. ಚೌಕುಳಿ ಮನೆಗಳು ಚೌಕವಾಗಿಲ್ಲ ಎನ್ನಿಸಿತು. ಅನ್ನಿಸಿದರೆ ಸಾಲದು, ಅಳೆಯಬೇಕು. ನಕ್ಷೆ ಬರೆಯುವಲ್ಲೇ ಒಂದು ವೃತ್ತ ಬರೆದೆ.

"ಅಕ್ಕಾ, ಒಂದು ಬಳಿ ಕೊಡು."

"ತುಂಬಿದ ಕೈಯಾಗಿಂದ ಬಳಿ ತಗಿ ಅಂತೀಯಲ್ಲೋ, ಸಾಲಿ ಕಲ್ತಾವ!" ಎಂದು ಬೈದು, ಗೂಡಿನಲ್ಲಿದ್ದ ಹೊಸ ಹಸಿರು ಗಾಜಿನ ಬಳೆಯೊಂದನ್ನು ತಂದಳು.

ಬಳೆಯನ್ನು ಪರದೆಗೆ ಒತ್ತಿ ಹಿಡಿದು, ಎತ್ತರ ಸರಿಹೊಂದುವವರೆಗೆ ವೃತ್ತವನ್ನು ದೊಡ್ಡದು ಮಾಡಿದೆ. ಮೇಲೆ ಕೆಳಗೆ ಬಳೆಗೂ ವೃತ್ತಕ್ಕೂ ಕೂದಲಷ್ಟೂ ಅಂತರವಿಲ್ಲ. ಎಡಬಲಕ್ಕೆ ಮಾತ್ರ ವೃತ್ತ ಬಳೆಯನ್ನು ಮೀರಿ ಹೊರಚಾಚಿತ್ತು. ಅಡ್ಡ ಮಲಗಿದ ತತ್ತಿಯಂತೆ.

ಮೂವರೂ ಪರದೆಗೆ ಮುಖ ತಂದು ನೋಡಿದೆವು.

"ಬಳಿ ಸೊಟ್ಟ ಐತೇನ್ರಿ?" ಎಂದ ಮೈದುನ.

"ನಿನ್ನ ಪರದಿ ಸೊಟ್ಟ ಐತಪಾ."

ಆಗಿದ್ದದ್ದು ಇಷ್ಟು. ಈ ಯಂತ್ರಕ್ಕೆ ಹಿಂದೆ ಕಂಪನಿಯದೇ ಡ್ರೈವರ್ ಇತ್ತು. ಕಂಪನಿ ಈ ವಯಸ್ಸಿನ ಚಿಪ್ಪುಗಳನ್ನು ಕೈಬಿಟ್ಟಿತ್ತು. ವ್ಯವಸ್ಥೆ ಹೊಸದಾದಾಗ ಹಳೆಯ ಡ್ರೈವರ್ ಅದಕ್ಕೆ ಹೊಂದಲಿಲ್ಲ, ಪರದೆ ಕಪ್ಪಾಯಿತು. ಅಂಗಡಿಯವರು, ಡ್ರೈವರ್ ಇಲ್ಲದೆಯೇ ಹೇಗೋ ಚಿತ್ರ ತೋರಿಸು ಎಂಬ ಒಂದು ಆಜ್ಞೆಯನ್ನು, ಯಂತ್ರ ಶುರುವಾಗುವಾಗ ಓದುವ ಸಾಲಿನಲ್ಲಿ ಸೇರಿಸಿದ್ದರು. ಆಗ ಯಂತ್ರ ತನಗೆ ಗೊತ್ತಿದ್ದ ಹಳೆಯ ಮಾದರಿಯ ಸಣ್ಣ ಚಿತ್ರವನ್ನು ಎಳೆದು, ಅಗಲವಾದ ಪರದೆಯ ತುಂಬ ಹಾಸಿತು. ಅರಿವೆ ಜಗ್ಗಿದರೆ ಹೂವು ಅಡ್ಡಕ್ಕೆ ಬೆಳೆಯುವಂತೆ ಎಲ್ಲವೂ ಅಗಲವಾದವು. ಡ್ರೈವರ್ ಇಲ್ಲದ್ದರಿಂದ ಬೆಳಕು ತಗ್ಗಿಸುವುದೂ ನಿಂತಿತು.

ಅಳತೆಪಟ್ಟಿ ಹಿಡಿದೆ. ಮೂರು ಅಗಲ ಇರಬೇಕಾದದ್ದು ಪರದೆಯಲ್ಲಿ ನಾಲ್ಕು ಅಗಲ ಕಾಣುತ್ತಿತ್ತು.

"ಅಕ್ಕಾ, ತಿದ್ದೂ ಮೊದ್ಲ ನಿನ್ನ ತೆನಿ ಎಷ್ಟು ಮನಿ ಅಗಲ ಇತ್ತು?"

"ಹದಿನಾರು."

"ತಿದ್ದಿ ಎಷ್ಟು ಮಾಡಿದಿ?"

"ಹನ್ನೆರಡು."

ಹದಿನಾರಕ್ಕೆ ಹನ್ನೆರಡು, ನಾಲ್ಕಕ್ಕೆ ಮೂರು. ಪರದೆ ಎಷ್ಟು ಸುಳ್ಳು ಹೇಳಿತ್ತೋ, ಅವಳ ಕಣ್ಣು ಅಷ್ಟನ್ನೇ ಕಳೆದಿತ್ತು. ಒಂದು ಮನೆ ಹೆಚ್ಚಿಲ್ಲ, ಒಂದು ಮನೆ ಕಡಿಮೆಯಿಲ್ಲ. ಅಳತೆಯ ಸಾಧನಗಳ ನಡುವೆ ಕೆಲಸ ಮಾಡಿ ನಿವೃತ್ತನಾದವನು ನಾನು. ಇಷ್ಟು ಶುದ್ಧವಾದ ಅಳತೆಯನ್ನು ಬರಿಗಣ್ಣಿನಿಂದ ತೆಗೆದವರನ್ನು ಕಂಡಿಲ್ಲ. ಅದನ್ನು ಅವರಿಬ್ಬರಿಗೂ ಬಿಡಿಸಿ ಹೇಳಿದೆ. ಮೈದುನ ಬೆರಳು ಮಡಿಚಿ ಎರಡು ಸಲ ಲೆಕ್ಕ ಹಾಕಿದ. ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು.

"ಹೇಳೋದು ಸಸಾರ," ಎಂದಳು ಆಮೇಲೆ. "ಪರದಿ ನೆಟ್ಟಗ ಮಾಡಿ ತೋರ್ಸು. ಆಗ ನಂಬತೇನಿ."

ಕೆಲಸಕ್ಕೆ ಕೂತೆ. ನಕ್ಷೆಗಳ ಪ್ರತಿಯನ್ನು ಮೊದಲು ಪೆನ್‌ಡ್ರೈವ್‌ಗೆ ತೆಗೆದೆ. ಕಂಪನಿಯ ಹಳೆಯ ಡ್ರೈವರಿನ ಚೂರುಗಳನ್ನೆಲ್ಲ ಹುಡುಕಿ ಕಿತ್ತುಹಾಕಿದೆ. ಅವು ತಾವೂ ದುಡಿಯುತ್ತಿರಲಿಲ್ಲ, ತೆರೆದ ಡ್ರೈವರನ್ನು ಒಳಗೆ ಬಿಡುತ್ತಲೂ ಇರಲಿಲ್ಲ. ಅಂಗಡಿಯವರು ಸೇರಿಸಿದ ಆಜ್ಞೆಯನ್ನು ಅಳಿಸಿದೆ. ಬಾದಾಮಿಯ ಮುದುಕಿಯಲ್ಲಿ ದುಡಿಯುತ್ತಿದ್ದ ಡ್ರೈವರೇ ಇಲ್ಲಿಯೂ ಏಳುವಂತೆ ಮಾಡಿ, ಯಂತ್ರವನ್ನು ಮತ್ತೆ ಚಾಲೂ ಮಾಡಿದೆ.

ಪರದೆ ಕಪ್ಪಾಯಿತು. ಕಪ್ಪಾಗಿಯೇ ಉಳಿಯಿತು.

"ಹೋತು!" ಎಂದ ಮೈದುನ. "ಇದ್ದದ್ದೂ ಹೋತು!"

"ಬಾಯಿ ಮುಚ್ಚು," ಎಂದಳು ಅಕ್ಕ.

ನಾನು ಕೈಕಟ್ಟಿ ಕೂತೆ. ಇಂಥ ಹೊತ್ತಿನಲ್ಲಿ ಗುಂಡಿ ಒತ್ತಿ ಗಡಿಬಿಡಿ ಮಾಡುವವರು ಕೆಡಿಸುತ್ತಾರೆ. ಒಳಗಿನ ಫ್ಯಾನು ಗುಂಯ್‌ಗುಟ್ಟಿತು. ಪರದೆ ಒಮ್ಮೆ ಮಿಣುಕಿತು, ಆಮೇಲೆ ಚಿತ್ರ ಮೂಡಿತು. ತಣ್ಣಗೆ, ಸ್ಪಷ್ಟವಾಗಿ, ಅಂಚಿನಿಂದ ಅಂಚಿಗೆ. ಬೆಳಕಿನ ಗುಂಡಿ ಒತ್ತಿದೆ; ಬೆಳಕು ತಗ್ಗಿತು. ವೃತ್ತ ತೆರೆದು ಬಳೆ ಹಿಡಿದೆ. ಬಳೆ ವೃತ್ತದ ಮೇಲೆ ಕೂತು, ವೃತ್ತ ಕಾಣದಾಯಿತು.

ಅಕ್ಕ ತನ್ನ ನಕ್ಷೆ ತೆರೆದಳು. ಹನ್ನೆರಡು ಮನೆಯ ತೆನೆಗಳು ಪರದೆಯ ಮೇಲೆ ಸೊರಗಿ ನಿಂತಿದ್ದವು, ಥೇಟು ಆ ಮಾದರಿ ತುಂಡಿನಂತೆ. ಅವಳು ಪರದೆ ನೋಡಿದಳು, ತುಂಡು ನೋಡಿದಳು. ಕಣ್ಣಿಗೂ ಕೈಗೂ ತಿಂಗಳ ನಂತರ ರಾಜಿಯಾಯಿತು. ಒಂದೊಂದೇ ತೆನೆಯನ್ನು ಹದಿನಾರಕ್ಕೆ ಹಿಗ್ಗಿಸುತ್ತ ಹೋದಳು. ಬೆರಳುಗಳಲ್ಲಿ ಹಳೆಯ ಚುರುಕು ಬಂದಿತ್ತು.

ಅವಳು ತಿದ್ದುತ್ತಿದ್ದಾಗ ನಾನು ಈ ಡ್ರೈವರಿನ ಕಥೆ ಹೇಳಿದೆ. ಚಿಪ್ಪಿನ ಒಳನಕ್ಷೆಯನ್ನು ಕಂಪನಿ ಇದನ್ನು ಬರೆದವರಿಗೆ ಕೊಟ್ಟಿರಲಿಲ್ಲ. ಚಿಪ್ ಏನು ಮಾಡುತ್ತದೆ ಎಂದು ಹೊರಗಿನಿಂದ ನೋಡಿ ನೋಡಿ, ಇಂಥದ್ದಕ್ಕೆ ಇಂಥ ಆಜ್ಞೆ ಎಂದು ಊಹಿಸಿ, ತಪ್ಪಿ, ತಿದ್ದಿ, ವರ್ಷಗಟ್ಟಲೆ ಕೂತು ಬರೆದರು.

"ಅಂದ್ರ ಅವ್ವನ ಸೆರಗಿನಂಗ," ಎಂದಳು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ. "ನಕ್ಷೆ ಇಲ್ಲ, ಬರೇ ಅರಿವಿ. ನೋಡ್ಕೋತ ಬರಿ."

"ಹೌದಕ್ಕಾ."

"ಅವರಿಗೂ ಯಾರರ, ಕಣ್ಣು ಹೋದಾವು, ಇನ್ನ ಸಾಕ ಮಾಡ್ರಿ ಅಂದಿದ್ರೇನು?"

ಮೈದುನ ಎದ್ದು ನೀರು ಕುಡಿಯಲು ಹೋದ.

ಆ ದಿನವೇ ಮರಳಬೇಕಿತ್ತು. ನನ್ನ ಸುತ್ತಾಟದಲ್ಲಿ ಇಳಕಲ್ಲಿಗೆ ರಾತ್ರಿಯ ವಸ್ತಿ ಇಲ್ಲ. ಉಳಿದೆ. ಬೆಳಿಗ್ಗೆ ನಾನು ಎದ್ದಾಗ ಲಾಳಿಯ ಸದ್ದು ಕೇಳುತ್ತಿತ್ತು. ನನಗಿಂತ ಮೊದಲು ಎದ್ದವರು ಆ ಮನೆಯಲ್ಲಿ ಇದ್ದಾರೆ ಎಂಬುದು ನನಗೆ ಸ್ವಲ್ಪ ಕಸಿವಿಸಿಯ ಸಂಗತಿ. ಅಕ್ಕ ತಾನೇ ಕುಣಿಗಿಳಿದು, ಮಾದರಿ ತುಂಡು ನೇಯ್ದಿದ್ದ ಹಳೆಯ ಹಾಸಿನ ಮೇಲೆಯೇ ತಿದ್ದಿದ ನಕ್ಷೆಯನ್ನು ನೇಯುತ್ತಿದ್ದಳು. ಕೆಂಪಿನ ನಡುವೆ ಬಿಳಿ ತೆನೆಯ ಸಾಲು ಗೇಣಗಲಕ್ಕೆ ಬೆಳೆದಿತ್ತು. ಪಕ್ಕದ ಮಗ್ಗಗಳಲ್ಲಿ ನೇಯುವವರು ಕೆಲಸ ಬಿಟ್ಟು ಬಂದು ನಿಂತರು. ಅವಳು ಎದ್ದು ತಾಯಿಯ ಸೆರಗನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಮಗ್ಗದ ಮೇಲಿನ ಹೊಸ ನೇಯ್ಗೆಯ ಪಕ್ಕಕ್ಕೆ, ಅಂಚಿಗೆ ಅಂಚು ತಾಗಿಸಿ ಹಾಸಿದಳು. ಒಂದು ಮಾಸಿದ್ದು, ಒಂದು ಹೊಳೆಯುವುದು. ತೆನೆ ಮಾತ್ರ ಒಂದೇ. ಸಾಲು ಈ ಬಟ್ಟೆಯಿಂದ ಆ ಬಟ್ಟೆಗೆ ತಡೆಯಿಲ್ಲದೆ ದಾಟಿತ್ತು. ನಮ್ಮ ತಾಯಿಯ ಕೈ ನಿಂತಲ್ಲಿಂದ ಅಕ್ಕನ ಕೈ ಮುಂದುವರಿಸಿದಂತಿತ್ತು. ನನ್ನ ಎದೆ ಆಗ ಎಷ್ಟು ಉಬ್ಬಿತ್ತೆಂದರೆ, ಅಂಗಿಯ ಗುಂಡಿ ಬಿಚ್ಚಬೇಕೆನಿಸಿತು.

ಮೈದುನ ಬಹಳ ಹೊತ್ತು ಬಗ್ಗಿ ನೋಡಿದ. ಎದ್ದು ನಿಂತು ವ್ಯಾಪಾರಿಯ ನಕ್ಷೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ.

"ಅತ್ತಿಗೆವ್ವಾ, ನಾಳಿ ಹೊಸಾ ಹಾಸು ಯಾವ ಬಣ್ಣದ್ದು ಏರಸ್ಲಿ?"

"ದಾಳಿಂಬ್ರ ಕೆಂಪಿನ ಸೆರಗಿಗೆ ಕಪ್ಪು ಮೈ. ದಡಿ ನಾ ಆಮ್ಯಾಲ ಹೇಳ್ತೇನಿ," ಎಂದಳು ಅವಳು, ಮತ್ತೆ ಕುಣಿಗಿಳಿದು ಲಾಳಿ ಹಿಡಿಯುತ್ತ.

ನಾನು ಜೇಬಿನ ಚೀಟಿ ತೆಗೆದೆ. "ಅಕ್ಕಾ, ದವಾಖಾನ್ಯಾಗ ಹೆಸರ ಹಚ್ಚೀನಿ. ಏನ ಮಾಡ್ಲಿ?"

"ನಮ್ಮ ಮೈದುನಗ ಕೊಡು. ಬಾತ ಪರದಿ ಅಂಗಡಿಂದ ಹೊತ್ತಕೊಂಡು ಬಂದಾವ ಅವನ. ಅವನ ಕಣ್ಣಿಗೆ ಮೊದ್ಲ ತೋರಿಸ್ಲಿ."

ಮಗ್ಗದ ಸುತ್ತ ನಿಂತವರೆಲ್ಲ ನಕ್ಕರು. ಮೈದುನನೂ ನಕ್ಕ, ಚೀಟಿ ಮಾತ್ರ ಮುಟ್ಟಲಿಲ್ಲ.

ಹೊರಡುವಾಗ ಆ ಹಸಿರು ಬಳೆಯನ್ನು ಅಕ್ಕ ನನಗೇ ಕೊಟ್ಟಳು. ಈಗ ಅದಕ್ಕೂ ಚೀಲದಲ್ಲಿ ಜಾಗವಿದೆ: ನಡುವಿನ ಜೇಬು, ಹತ್ತಿ ಬಟ್ಟೆಯ ಮಡಿಕೆಯೊಳಗೆ. ಯಾವ ಊರಿನ ಯಾವ ಯಂತ್ರವನ್ನೇ ತೆರೆಯಲಿ, ಮೊದಲು ಒಂದು ವೃತ್ತ ಬರೆದು ಬಳೆ ಹಿಡಿಯುತ್ತೇನೆ. ಹೋದ ತಿಂಗಳು ಬಾದಾಮಿಯ ಗೈಡಮ್ಮ ಅದನ್ನು ಕಂಡು, "ಈ ವಯಸ್ಸಿನ್ಯಾಗ ಬಳಿ ಯಾರಿಗ್ರಿ ಸರ?" ಎಂದು ಕೋಣೆಗೆಲ್ಲ ಕೇಳುವಂತೆ ಕೇಳಿದಳು.

ನಮ್ಮಕ್ಕನ ಕಣ್ಣಿನ ಅಳತೆ ಇದು ಎಂದು ಹೇಳಿದೆ. ಅವಳ ಪರದೆಯ ಮೇಲೂ ಬಳೆ ಸರಿಯಾಗಿ ಕೂತಿತು.